ಕೇಪ್ ಟೌನ್‌ಗೆ ಕೊನೆಯ 260 ಕಿಲೋಮೀಟರ್

ನೈರೋಬಿಯಿಂದ ಹೊರಟಿರಲಿ, ವಿಕ್ಟೋರಿಯಾ ಜಲಪಾತದಿಂದ ಹೊರಟಿರಲಿ, ಕೇಪ್ ಟೌನ್‌ಗೆ ಇಳಿಯುವ ಓವರ್‌ಲ್ಯಾಂಡ್ ಟ್ರಕ್‌ಗಳು (ಪ್ರವಾಸಿಗರ ಗುಂಪನ್ನು ಟೆಂಟು, ಅಡುಗೆ ಸಾಮಾನಿನ ಸಮೇತ ವಾರಗಟ್ಟಲೆ ಒಯ್ಯುವ ಟ್ರಕ್‌ಗಳು) ಕೊನೆಗೆ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ನಮೀಬಿಯಾದ ಬಿ1 ಹೆದ್ದಾರಿ, ಆರೆಂಜ್ ನದಿಯ ಸೇತುವೆ, ಅದನ್ನು ದಾಟಿದರೆ ದಕ್ಷಿಣ ಆಫ್ರಿಕಾದ ಎನ್7. ಪ್ರವಾಸದ ಪಟ್ಟಿಯಲ್ಲಿ ಕೊನೆಯ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ಮಧ್ಯಾಹ್ನ ಕೇಪ್ ಟೌನ್, ಪ್ರವಾಸ ಮುಕ್ತಾಯ. ಅದನ್ನು ಓದಿ ಅದೇ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸುವವರು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವತ್ತು ಓಡುವ ದೂರ ಕಡಿಮೆ, ಕೆಲಸ ಜಾಸ್ತಿ. ಇಪ್ಪತ್ತು ಜನ ವಾರಗಟ್ಟಲೆ ವಾಸ ಮಾಡಿದ ಮನೆಯನ್ನು ಒಂದು ಬೆಳಗ್ಗೆಯಲ್ಲಿ ಖಾಲಿ ಮಾಡಿ, ತೊಳೆದು, ಲೆಕ್ಕ ಒಪ್ಪಿಸಬೇಕು. ಹಾಗಾಗಿ ಕೊನೆಯ ದಿನ ಶುರುವಾಗುವುದು ಅದಕ್ಕೂ ಎರಡು ದಿನ ಮುಂಚೆ.

ಕೊನೆಯಿಂದ ಮೂರನೇ ದಿನ: ಫಿಶ್ ರಿವರ್ ಕಣಿವೆಯಿಂದ ಆರೆಂಜ್ ನದಿಗೆ

ಫಿಶ್ ರಿವರ್ ಕಣಿವೆಯ ಅಂಚು ಬಿಟ್ಟ ಮೇಲೆ ಬಹಳ ಹೊತ್ತು ಜಲ್ಲಿ ರಸ್ತೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಬಿ1ರ ಡಾಂಬರು ಸಿಕ್ಕ ಮೇಲೆ ಟ್ರಕ್ಕಿನ ಒಳಗಿನ ಸದ್ದು ಒಮ್ಮೆಲೇ ಅಡಗುತ್ತದೆ. ಇಡೀ ಪ್ರವಾಸದಲ್ಲಿ ಧೂಳು ಕುಡಿಯುವುದು ಇದೇ ಕೊನೆ. ಆದ್ದರಿಂದ ಬ್ಯಾಗುಗಳ ಜಿಪ್ ಒರೆಸಲು, ಕ್ಯಾಮೆರಾದ ಲೆನ್ಸ್ ಕೂಡುವ ಜಾಗವನ್ನು ಬ್ರಷ್ಷಿನಿಂದ ಗುಡಿಸಲು ಈ ಸಂಜೆಯೇ ಸರಿ. ಇದಕ್ಕಿಂತ ಮೊದಲು ಮಾಡಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ.

ನೂರ್ಡೂವರ್ ಹತ್ತಿರ ನದಿದಂಡೆಯ ಕ್ಯಾಂಪ್. ಸುತ್ತ ಬೋಳು ಬೆಟ್ಟ, ನೀರಿನ ಪಕ್ಕದಲ್ಲಿ ಮಾತ್ರ ಹಸಿರು ಪಟ್ಟಿ, ದ್ರಾಕ್ಷಿ ತೋಟ. ಆಚೆ ದಡವೇ ದಕ್ಷಿಣ ಆಫ್ರಿಕಾ. ಹೆಸರು ಕೇಳಿ ನೀರು ಕಿತ್ತಳೆ ಬಣ್ಣದ್ದಿರಬೇಕು ಅಂದುಕೊಳ್ಳುತ್ತಾರೆ. ಆದರೆ 1779ರಲ್ಲಿ ಡಚ್ ಕಂಪನಿಯ ಸೇನಾಧಿಕಾರಿ ರಾಬರ್ಟ್ ಗಾರ್ಡನ್ ಇಟ್ಟ ಈ ಹೆಸರು ಹಾಲೆಂಡಿನ ಆರೆಂಜ್ ರಾಜಮನೆತನದ್ದು. ಸ್ಥಳೀಯರ ಹೆಸರು ಗಾರೀಪ್.

ಬಟ್ಟೆ ಒಗೆಯುವುದಿದ್ದರೆ ಇಲ್ಲೇ ಒಗೆಯಿರಿ. ಮರುಭೂಮಿಯ ಒಣ ಗಾಳಿಗೆ ಜೀನ್ಸ್ ಕೂಡ ಬೇಗ ಒಣಗುತ್ತದೆ. ಮುಂದಿನ ಕ್ಯಾಂಪಿನಲ್ಲಿ ರಾತ್ರಿಯ ಇಬ್ಬನಿ ಬೀಳಬಹುದು, ಆಮೇಲೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ವಿಮಾನ ಹತ್ತಬೇಕು.

ದುಡ್ಡಿನ ವಿಷಯವೂ ಇವತ್ತೇ ಮುಗಿಯಬೇಕು. ನಮೀಬಿಯಾದ ಡಾಲರಿಗೂ ದಕ್ಷಿಣ ಆಫ್ರಿಕಾದ ರ‍್ಯಾಂಡಿಗೂ ಬೆಲೆ ಒಂದಕ್ಕೊಂದು. ರ‍್ಯಾಂಡ್ ನಮೀಬಿಯಾದ ಅಂಗಡಿಗಳಲ್ಲಿ ಸರಾಗವಾಗಿ ನಡೆಯುತ್ತದೆ, ನಮೀಬಿಯಾದ ನೋಟು ಆಚೆ ದಡದಲ್ಲಿ ನಡೆಯುವುದಿಲ್ಲ. ಉಳಿದಿರುವ ನಮೀಬಿಯಾ ನೋಟುಗಳನ್ನು ಕ್ಯಾಂಪಿನ ಅಂಗಡಿಯಲ್ಲೋ ನೂರ್ಡೂವರ್‌ನ ಪೆಟ್ರೋಲ್ ಬಂಕಿನಲ್ಲೋ ಖರ್ಚು ಮಾಡಿ, ಅಂಗಡಿಯವರು ಚಿಲ್ಲರೆ ಕೊಡುವಾಗ ರ‍್ಯಾಂಡ್ ಕೇಳಿ ಪಡೆಯಬಹುದು.

ಸಿಬ್ಬಂದಿಗೆ ಕೊಡುವ ಟಿಪ್ಸ್ ಸಂಗ್ರಹವೂ ಈ ರಾತ್ರಿಯೇ ಶುರುವಾಗಲಿ. ಡ್ರೈವರ್, ಗೈಡ್, ಅಡುಗೆಯವರು, ಹೀಗೆ ಮೂರು ಲಕೋಟೆ. ಒಂದೇ ಲಕೋಟೆ ಮಾಡಿ ಗೈಡ್ ಕೈಗಿಟ್ಟರೆ ಹಂಚುವ ಮುಜುಗರ ಅವರ ತಲೆಗೆ ಬರುತ್ತದೆ. ಗುಂಪಿನಲ್ಲಿ ಒಬ್ಬರು ಜವಾಬ್ದಾರಿ ಹೊತ್ತು, ಯಾರು ಎಷ್ಟು ಹಾಕಿದರು ಎಂದು ಬರೆಯದೆ, ಎಷ್ಟು ಜನ ಹಾಕಿದರು ಎಂದಷ್ಟೇ ಗುರುತು ಹಾಕಿಕೊಂಡರೆ ಸಾಕು. ಕೊನೆಯ ಬೆಳಗ್ಗೆಗೆ ಬಿಟ್ಟರೆ ಅರ್ಧ ಜನರ ಬಳಿ ನಗದು ಇರುವುದಿಲ್ಲ, ಕ್ಯಾಂಪಿನಲ್ಲಿ ಎಟಿಎಂ ಇರುವುದಿಲ್ಲ.

ಕೊನೆಯ ಹಿಂದಿನ ದಿನ: ಗಡಿ ಮತ್ತು 400 ಕಿಲೋಮೀಟರ್

ಇದು ಉದ್ದನೆಯ ದಿನ. ನೂರ್ಡೂವರ್–ವಿಯೂಲ್ಸ್‌ಡ್ರಿಫ್ಟ್ ಗಡಿ 24 ಗಂಟೆಯೂ ತೆರೆದಿರುತ್ತದೆ. ಆದರೂ ಬೆಳಗ್ಗೆ ಬೇಗ ಹೊರಡುವುದು ಯಾಕೆಂದರೆ ಎರಡು ಬಸ್ಸು ಮುಂದೆ ನಿಂತಿದ್ದರೆ ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಗುತ್ತದೆ. ಗಡಿಯಾರ ಮುಟ್ಟುವ ಅಗತ್ಯವಿಲ್ಲ. 2017ರಲ್ಲಿ ನಮೀಬಿಯಾ ಚಳಿಗಾಲದ ಸಮಯ ಬದಲಾವಣೆಯನ್ನು ಕೈಬಿಟ್ಟ ಮೇಲೆ ಎರಡೂ ಕಡೆ ವರ್ಷವಿಡೀ ಒಂದೇ ಸಮಯ, ನಮಗಿಂತ ಮೂರೂವರೆ ಗಂಟೆ ಹಿಂದೆ.

ಈ ಕಡೆ ನಿರ್ಗಮನದ ಮುದ್ರೆ, ಸೇತುವೆ, ಆ ಕಡೆ ಪ್ರವೇಶದ ಮುದ್ರೆ. ಭಾರತೀಯ ಪಾಸ್‌ಪೋರ್ಟಿನವರಿಗೆ ದಕ್ಷಿಣ ಆಫ್ರಿಕಾದ ವೀಸಾ ಗಡಿಯಲ್ಲಿ ಸಿಗುವುದಿಲ್ಲ, ಊರಿನಿಂದಲೇ ತಂದಿರಬೇಕು. ಆ ವೀಸಾದಲ್ಲಿ ಮೂರು ಸಂಗತಿ ಓದಬೇಕು: ಯಾವ ತಾರೀಖಿನೊಳಗೆ ದೇಶದೊಳಗೆ ಕಾಲಿಡಬೇಕು, ಎಷ್ಟು ಸಲ ಪ್ರವೇಶ, ಪ್ರವೇಶಿಸಿದ ಮೇಲೆ ಎಷ್ಟು ದಿನ. ಉದ್ದನೆಯ ಪ್ರವಾಸದವರು ಎಡವುವುದು ಮೊದಲನೆಯದರಲ್ಲಿ. ಹೊರಡುವ ಬಹಳ ಮೊದಲೇ ವೀಸಾ ಮಾಡಿಸಿಟ್ಟುಕೊಂಡರೆ, ಎರಡು ತಿಂಗಳು ಪೂರ್ವ ಆಫ್ರಿಕಾ ಸುತ್ತಿ ಈ ಸೇತುವೆಗೆ ಬರುವಷ್ಟರಲ್ಲಿ ಆ ತಾರೀಖು ದಾಟಿಹೋಗಿರುತ್ತದೆ. ಎರಡನೆಯದರಲ್ಲಿ ಎಡವುವವರು ಜೋಹಾನ್ಸ್‌ಬರ್ಗ್‌ನಲ್ಲಿ ಹೊರಗೆ ಬಂದು ಎರಡು ದಿನ ಉಳಿದು, ಅಲ್ಲಿಂದ ಪ್ರವಾಸ ಶುರುವಾಗುವ ಊರಿಗೆ ಹಾರಿದವರು. ಒಂದೇ ಸಲದ ಪ್ರವೇಶವಾಗಿದ್ದರೆ ಅದು ಅಲ್ಲೇ ಖರ್ಚಾಗಿರುತ್ತದೆ. ಹಿಂತಿರುಗುವ ವಿಮಾನದ ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಅಧಿಕಾರಿ ಕೇಳಿದಾಗ ಮೊಬೈಲಿನಲ್ಲಿ ಸಿಗ್ನಲ್ ಹುಡುಕುತ್ತಾ ನಿಂತರೆ ಹಿಂದಿನ ಹತ್ತೊಂಬತ್ತು ಜನ ಕಾಯಬೇಕು. ಮುದ್ರೆ ಬಿದ್ದ ಕೂಡಲೇ, ಕಿಟಕಿ ಬಿಡುವ ಮೊದಲೇ, ತಾರೀಖು ಸರಿಯಿದೆಯೇ ನೋಡಿ. ತಪ್ಪಿದ್ದರೆ ಅದನ್ನು ತಿದ್ದಿಸುವುದು ಆ ಕಿಟಕಿಯಲ್ಲೇ ಸುಲಭ.

ಸಾಮಾನು ಇಳಿಸಿ ತೋರಿಸಿ ಎನ್ನಬಹುದು. ಫ್ರಿಜ್‌ನಲ್ಲಿ ಹಸಿ ಮಾಂಸ, ಹಾಲಿನ ಪದಾರ್ಥ ಉಳಿದಿದ್ದರೆ ವಿವರಣೆ ಕೊಡಬೇಕಾದೀತು. ಅದಕ್ಕೇ ಜಾಣ ಅಡುಗೆಯವರು ನದಿದಂಡೆಯಲ್ಲೇ ಅದನ್ನೆಲ್ಲ ಮುಗಿಸಿ, ಹೊಸದನ್ನು ಸ್ಪ್ರಿಂಗ್‌ಬಾಕ್ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳುತ್ತಾರೆ. ಗಡಿಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. ಎಟಿಎಂ, ಸಿಮ್, ಔಷಧದಂಗಡಿ ಎಲ್ಲ ಇದೆ. ಸುತ್ತಲ ಗುಡ್ಡಗಳಲ್ಲಿ ತಾಮ್ರದ ಹಳೆಯ ಗಣಿಗಳು. 1685ರಲ್ಲೇ ಕೇಪ್‌ನ ಡಚ್ ವಸಾಹತಿನ ಮುಖ್ಯಸ್ಥ ಸೈಮನ್ ವಾನ್ ಡೆರ್ ಸ್ಟೆಲ್ ಈ ತಾಮ್ರ ಹುಡುಕಿಕೊಂಡು ಬಂದಿದ್ದ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಂದರೆ ಈ ನಮಾಕ್ವಾಲ್ಯಾಂಡ್ ಪೂರಾ ಹೂವು. ಆದರೆ ಆ ಹೂವುಗಳು ಬಿಸಿಲಿದ್ದರೆ ಮಾತ್ರ ಅರಳುತ್ತವೆ, ಮುಖ ಸೂರ್ಯನ ಕಡೆಗಿರುತ್ತದೆ. ದಕ್ಷಿಣಕ್ಕೆ ಹೋಗುವ ಟ್ರಕ್ಕಿನವರಿಗೆ ಅವು ಬೆನ್ನು ತಿರುಗಿಸಿ ನಿಂತಂತೆ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಅದೊಂದು ಅದೃಷ್ಟ.

ಕಾಮಿಸ್‌ಕ್ರೂನ್, ಗಾರೀಸ್, ಬಿಟ್ಟರ್‌ಫಾಂಟೈನ್, ವಾನ್‌ರೈನ್ಸ್‌ಡಾರ್ಪ್. ಟ್ರಕ್ಕು ಗಂಟೆಗೆ 80ರ ಆಸುಪಾಸಿನಲ್ಲೇ ಓಡುತ್ತದೆ, ರಸ್ತೆ ಕೆಲಸ ನಡೆಯುವಲ್ಲಿ ಒಂದೊಂದು ಕಡೆಯ ವಾಹನ ಬಿಡುವಾಗ ಹದಿನೈದಿಪ್ಪತ್ತು ನಿಮಿಷ ನಿಲ್ಲಬೇಕು. ಸಂಜೆಗೆ ಒಲಿಫಾಂಟ್ಸ್ ನದಿಯ ಕಣಿವೆ, ಕ್ಲಾವರ್‌ಗೂ ಕ್ಲಾನ್‌ವಿಲಿಯಂಗೂ ನಡುವೆ ಕೊನೆಯ ಕ್ಯಾಂಪ್. ಇಲ್ಲಿಂದ ಕೇಪ್ ಟೌನ್ ಸುಮಾರು 260 ಕಿಲೋಮೀಟರ್.

ಒಂದು ಎಚ್ಚರಿಕೆ. ನಮೀಬಿಯಾದಲ್ಲಿ ಮಳೆ ಬೇಸಿಗೆಯದು, ಇಲ್ಲಿಂದ ದಕ್ಷಿಣಕ್ಕೆ ಚಳಿಗಾಲದ್ದು. ಜೂನ್‌ನಿಂದ ಆಗಸ್ಟ್ ತನಕ ಈ ಕೊನೆಯ ಎರಡು ದಿನ ಚಳಿ, ಗಾಳಿ, ಮಳೆ ಮೂರೂ ಒಟ್ಟಿಗೆ ಬರಬಹುದು. ಇನ್ನೇನು ಮುಗಿಯಿತಲ್ಲ ಎಂದು ಸ್ವೆಟರನ್ನು ವಿಂಡ್‌ಹುಕ್‌ನಲ್ಲಿ ಯಾರಿಗೋ ಕೊಟ್ಟುಬಂದವರು ಸ್ಲೀಪಿಂಗ್ ಬ್ಯಾಗ್ ಹೊದ್ದು ಊಟಕ್ಕೆ ಕೂರುತ್ತಾರೆ.

ಕೊನೆಯ ರಾತ್ರಿಯ ಊಟ ಬಹುಪಾಲು ಬ್ರಾಯ್, ಅಂದರೆ ಕೆಂಡದ ಮೇಲೆ ಸುಡುವುದು. ಸಸ್ಯಾಹಾರಿಗಳಿಗೆ ಕೆಂಡದಲ್ಲೇ ಹೂತಿಟ್ಟ ಸಿಹಿಗುಂಬಳ, ಮುಸುಕಿನ ಜೋಳ ಸಿಗುತ್ತದೆ. ಜೊತೆಗೆ ಪಾಪ್ ಮತ್ತು ಚಕಲಾಕ. ಪಾಪ್ ಎಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಚಕಲಾಕ ಎಂದರೆ ಈರುಳ್ಳಿ, ಟೊಮೆಟೊ, ಕ್ಯಾರೆಟ್, ಬೀನ್ಸ್ ಕಾಳು, ಮೆಣಸಿನಕಾಯಿ ಹಾಕಿದ ಗೊಜ್ಜು. ರಾಗಿ ಮುದ್ದೆ ಉಂಡು ಬೆಳೆದವರಿಗೆ ಚಮಚ ಬೇಕೆನಿಸುವುದಿಲ್ಲ. ಪಾಪ್ ಮಾತ್ರ ಅಗಿದೇ ತಿನ್ನುವಂಥದ್ದು, ನುಂಗಲು ಹೋದರೆ ಗಂಟಲಿಗೆ ಕೂರುತ್ತದೆ.

ಕೊನೆಯ ದಿನ: ಟೆಂಟು ಮೊದಲು, ತಿಂಡಿ ಆಮೇಲೆ

ಐದೂವರೆಗೆ ಏಳುವುದು. ಬೇರೆ ದಿನಗಳಲ್ಲಿ ಟೆಂಟು ಕಿತ್ತು ಸುತ್ತಿ ಟ್ರಕ್ಕಿಗೆ ಎಸೆದರೆ ಸಾಕಿತ್ತು, ಸಂಜೆ ಮತ್ತೆ ಬಿಚ್ಚುತ್ತಿದ್ದಿರಿ. ಇವತ್ತು ಸುತ್ತಿದ ಟೆಂಟನ್ನು ಮುಂದೆ ಯಾವಾಗ ಬಿಚ್ಚುತ್ತಾರೋ ಗೊತ್ತಿಲ್ಲ. ಎರಡು ದಿನವಿರಬಹುದು, ಹದಿನೈದು ದಿನವಿರಬಹುದು. ಒದ್ದೆ ಕ್ಯಾನ್ವಾಸು ಗಾಳಿಯಾಡದ ಪೆಟ್ಟಿಗೆಯಲ್ಲಿ ಬಿದ್ದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಮೂಡುತ್ತದೆ. ಚುಕ್ಕೆ ಮತ್ತೆ ಹೋಗುವುದಿಲ್ಲ, ಆ ಜಾಗದಲ್ಲಿ ಬಟ್ಟೆ ನೀರು ತಡೆಯುವುದನ್ನೂ ಬಿಡುತ್ತದೆ. ಅದರಲ್ಲಿ ಮಲಗುವವರು ಉತ್ತರಕ್ಕೆ ಹೊರಡುವ ಮುಂದಿನ ಗುಂಪಿನವರು.

ಮಾಡುವ ಕ್ರಮ ಹೀಗೆ. ಮೊದಲು ಒಳಗಿನದೆಲ್ಲ ಹೊರಗೆ, ಒಳಗೋಡೆಯ ಸಣ್ಣ ಜೇಬಿಗೂ ಕೈಹಾಕಿ ನೋಡಬೇಕು. ಕನ್ನಡಕ, ಉಂಗುರ, ಹೆಡ್‌ಲ್ಯಾಂಪ್ ಉಳಿಯುವುದು ಅಲ್ಲೇ. ಗೂಟ ಕೀಳಬೇಕು, ಆದರೆ ಕಂಬಿ ತೆಗೆಯಬಾರದು. ಗುಮ್ಮಟದ ಆಕಾರದ ಟೆಂಟು ತನ್ನಷ್ಟಕ್ಕೇ ನಿಲ್ಲುತ್ತದಲ್ಲ, ಅದೇ ಅನುಕೂಲ: ಇಬ್ಬರು ಎರಡು ಬದಿ ಹಿಡಿದು ಇಡೀ ಟೆಂಟನ್ನು ಎತ್ತಿ, ಬಾಗಿಲು ಕೆಳಗಾಗುವಂತೆ ವಾಲಿಸಿ ಕೊಡವಿದರೆ ಮೂಲೆಯಲ್ಲಿ ಕೂತ ಮರಳು ಧಾರೆಯಾಗಿ ಸುರಿಯುತ್ತದೆ. ಕಂಬಿ ತೆಗೆದ ಮೇಲೆ ಇದನ್ನು ಮಾಡಲು ಹೋದರೆ ಮರಳು ಮಡಿಕೆಗಳಲ್ಲೇ ಓಡಾಡುತ್ತದೆ. ಹಾಗೇ ಮಗ್ಗುಲಿಗೆ ಮಲಗಿಸಿ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಳ ಬಿಸಿಲಿಗಾಗುವಂತೆ ಬಿಟ್ಟು ತಿಂಡಿಗೆ ಹೋಗಬಹುದು. ರಾತ್ರಿಯ ಇಬ್ಬನಿ ನಿಲ್ಲುವುದು ಮೇಲ್ಹೊದಿಕೆಯಲ್ಲಿ ಮತ್ತು ತಳದ ಅಡಿಯಲ್ಲಿ. ಗೋಡೆ ಒಣಗಿತೆಂದು ಮೋಸ ಹೋಗಬಾರದು. ಹೊಲಿಗೆ ಕೂಡುವಲ್ಲಿ ಬಟ್ಟೆ ನಾಲ್ಕು ಪದರ ಇರುತ್ತದೆ, ಅಲ್ಲಿ ಅಂಗೈಯ ಹಿಂಭಾಗ ಇಟ್ಟು ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ.

ಜಿಪ್ಪು ಕೆಡುವುದು ಮರಳಿನಿಂದ. ಹಲ್ಲುಗಳ ನಡುವೆ ಮರಳಿದ್ದಾಗ ಜಗ್ಗಿ ಎಳೆದರೆ ಎಳೆಯುವ ತಲೆ ಅಗಲವಾಗುತ್ತದೆ. ಆಮೇಲೆ ಅದು ಓಡುತ್ತದೆ, ಆದರೆ ಹಿಂದೆ ಮುಚ್ಚಿಕೊಳ್ಳುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ, ಮೇಣದಬತ್ತಿಯ ತುಂಡನ್ನು ಮೇಲೆ ಕೆಳಗೆ ಎರಡು ಸಲ ಸವರಬೇಕು. ಎಣ್ಣೆ ಬೇಡವೇ ಬೇಡ, ಇನ್ನಷ್ಟು ಮರಳನ್ನು ಅಂಟಿಸಿಕೊಳ್ಳುತ್ತದೆ.

ಕಂಬಿ ಬಿಚ್ಚುವಾಗ ತುದಿ ಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಒಳಗೆ ಸ್ಥಿತಿಸ್ಥಾಪಕ ಹುರಿ ಇರುವ ಕಂಬಿಯಾದರೆ ತುಂಡುಗಳು ಬಟ್ಟೆಯ ಕೊಳವೆಯೊಳಗೇ ಕಳಚಿಕೊಳ್ಳುತ್ತವೆ, ಬಟ್ಟೆ ಸಿಕ್ಕಿ ಹರಿಯುತ್ತದೆ. ಹಿಂದಿನಿಂದ ನೂಕಬೇಕು. ಹುರಿಯ ಕಂಬಿಯನ್ನು ಮಡಚುವಾಗ ನಡುವಿನ ಕೀಲಿನಿಂದ ಶುರು ಮಾಡಿದರೆ ಹುರಿಯ ಎಳೆತ ಎರಡೂ ಕಡೆಗೆ ಸಮನಾಗಿ ಹಂಚುತ್ತದೆ. ಸುತ್ತುವಾಗ ಬಾಗಿಲಿನ ಎದುರು ಬದಿಯಿಂದ ಬಾಗಿಲ ಕಡೆಗೆ ಬರಬೇಕು, ಜಿಪ್ಪು ಒಂದು ಗೇಣು ತೆರೆದಿರಬೇಕು. ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಟೆಂಟು ದಿಂಬಿನಂತೆ ಉಬ್ಬಿ ಚೀಲಕ್ಕೆ ಹಿಡಿಯುವುದಿಲ್ಲ. ಬಾಗಿದ ಗೂಟಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ, ಎಣಿಸಿ, ಕಡಿಮೆ ಬಿದ್ದರೆ ಟೆಂಟು ಹಾಕಿದ್ದ ಜಾಗದಲ್ಲಿ ಬರಿಗಾಲಿನಲ್ಲಲ್ಲ, ಚಪ್ಪಲಿ ಹಾಕಿಕೊಂಡು ಹುಡುಕಬೇಕು. ಎಲ್ಲಾದರೂ ಹರಿದಿದ್ದರೆ, ಜಿಪ್ಪು ಕೆಟ್ಟಿದ್ದರೆ ಚೀಲದ ಹಿಡಿಗೆ ಬಣ್ಣದ ಟೇಪು ಸುತ್ತಿ ಗೈಡ್‌ಗೆ ಹೇಳಿ. ಹೇಳದೆ ಬಿಟ್ಟರೆ ಅದು ರಿಪೇರಿಗೆ ಹೋಗುವುದಿಲ್ಲ.

ಅಡುಗೆ ಗುಂಪಿನವರಿಗೆ ಇನ್ನೊಂದು ಕೆಲಸ. ಪಾತ್ರೆಗೆ ಎಂದಿನ ಮೂರು ಬೇಸಿನ್: ಸೋಪಿನ ಬಿಸಿನೀರು, ಬರೀ ನೀರು, ಕ್ರಿಮಿನಾಶಕ ಹಾಕಿದ ನೀರು. ಆಮೇಲೆ ಗಾಳಿಯಲ್ಲಿ ಬೀಸಿ ಒಣಗಿಸುವುದು, ಒರೆಸುವ ಬಟ್ಟೆ ಇಲ್ಲ. ಇವತ್ತು ಬಳಸದ ಪಾತ್ರೆಯನ್ನೂ ತೆಗೆದು ತೊಳೆಯಬೇಕು. ಚಮಚ, ಚಾಕು, ತಟ್ಟೆ ಎಣಿಸಬೇಕು. ಸಕ್ಕರೆ, ಹಿಟ್ಟು ಚೆಲ್ಲಿದ ಪೆಟ್ಟಿಗೆಗಳನ್ನು ವಿನೆಗರ್ ಬೆರೆಸಿದ ನೀರಿನಿಂದ ಒರೆಸಿದರೆ ಇರುವೆ ಬರುವುದಿಲ್ಲ. ಗ್ಯಾಸ್ ಒಲೆ ಉರಿಯುತ್ತಿರುವಾಗಲೇ ಸಿಲಿಂಡರಿನ ತಿರುಪನ್ನು ಮುಚ್ಚಿ, ಕೊಳವೆಯಲ್ಲಿ ಉಳಿದದ್ದು ಉರಿದು ಆರಿದ ಮೇಲೆ ಒಲೆಯ ತಿರುಪು ಮುಚ್ಚುವುದು. ಇಲ್ಲವಾದರೆ ಕೊಳವೆ ಬಿಚ್ಚಿದಾಗ ಗ್ಯಾಸು ಮುಖಕ್ಕೆ ಹೊಡೆಯುತ್ತದೆ. ಉಳಿದ ಅಕ್ಕಿ, ಬೇಳೆ, ಮಸಾಲೆ ಯಾರಿಗೆ ಎಂಬುದು ಸಿಬ್ಬಂದಿಯ ತೀರ್ಮಾನ. ಆದರೆ ಕೊನೆಯ ಚಟ್ನಿಪುಡಿ ಪೊಟ್ಟಣವನ್ನು ಅಡುಗೆಯವರ ಕೈಗಿಟ್ಟು ಹೋದರೆ ಬೇಡ ಎಂದವರನ್ನು ಕಂಡಿಲ್ಲ.

ಲಾಕರ್ ಖಾಲಿ ಮಾಡುವುದೂ ಇಲ್ಲೇ ಆಗಲಿ, ಕೇಪ್ ಟೌನ್‌ನ ಬೀದಿಯಲ್ಲಲ್ಲ. ಸೀಟಿನ ಹಿಂಬದಿಯ ಜೇಬು, ಸೀಟಿನಡಿ, ಚಾರ್ಜಿಂಗ್ ಸಾಕೆಟ್, ಫ್ರಿಜ್ (ಔಷಧಿ ಇಟ್ಟವರು ಮರೆಯುತ್ತಾರೆ), ಬಟ್ಟೆ ಒಣಹಾಕಿದ ಹಗ್ಗ. ಟ್ರಕ್ಕಿನ ತಿಜೋರಿಯಲ್ಲಿಟ್ಟ ಪಾಸ್‌ಪೋರ್ಟು, ದುಡ್ಡು ಎಲ್ಲರೆದುರು ಒಬ್ಬೊಬ್ಬರಾಗಿ ತೆಗೆದುಕೊಳ್ಳುವುದು. ಇದಿಷ್ಟು ಮುಗಿಯುವಾಗ ಒಂಬತ್ತು ದಾಟಿರುತ್ತದೆ.

ಒಂಬತ್ತೂವರೆ: ಎನ್7ರಲ್ಲಿ ದಕ್ಷಿಣಕ್ಕೆ

ಕ್ಲಾನ್‌ವಿಲಿಯಂ ರೂಯಿಬೋಸ್ ಚಹಾದ ಊರು. ಎಡಕ್ಕೆ ಕಾಣುವ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತಲೇ ಈ ಪೊದೆ ಬೆಳೆಯುತ್ತದೆ. ಸೂಜಿಯಂಥ ಹಸಿರು ಎಲೆಯನ್ನು ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕಿದಾಗ ಕೆಂಪಗಾಗುತ್ತದೆ, ಆಮೇಲೆ ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಕೆಫೀನ್ ಇಲ್ಲ, ಎಷ್ಟು ಕುದಿಸಿದರೂ ನಮ್ಮ ಚಹಾದಂತೆ ಕಹಿಯಾಗುವುದಿಲ್ಲ. ಊರಿಗೆ ಒಯ್ಯಲು ಹಗುರವಾದ, ಒಡೆಯದ, ಕೆಡದ ವಸ್ತು ಇದಕ್ಕಿಂತ ಬೇರೆ ಬೇಕಿಲ್ಲ. ಅಲಂಕಾರದ ಡಬ್ಬಿ ಬಿಟ್ಟು ಸೂಪರ್‌ಮಾರ್ಕೆಟ್ಟಿನ ಸಾದಾ ಪೊಟ್ಟಣ ಕೊಳ್ಳಿ.

ಸಿಟ್ರಸ್‌ಡಾಲ್‌ನ ಕಿತ್ತಳೆ ತೋಟಗಳು ಮುಗಿದ ಮೇಲೆ ಪೀಕನೀರ್ಸ್‌ಕ್ಲೂಫ್ ಘಾಟಿ. ಚಾರ್ಮಾಡಿಯಂತೆ ಸುತ್ತಿ ಸುತ್ತಿ ಹೋಗುವಂಥದ್ದಲ್ಲ, ಅಗಲ ರಸ್ತೆ, ಆದರೆ ತುಂಬಿದ ಟ್ರಕ್ಕಿಗೆ ಏರು ಏರೇ. ಆಚೆ ಇಳಿದರೆ ಸ್ವಾರ್ಟ್‌ಲ್ಯಾಂಡ್, ಅಲೆಯಲೆಯಾದ ಗೋಧಿ ಹೊಲಗಳು. ಹೆಸರಿನ ಅರ್ಥ ಕಪ್ಪು ನೆಲ ಎಂದಾದರೂ ನಮ್ಮ ಎರೆಮಣ್ಣನ್ನು ಹುಡುಕಬೇಡಿ. ಇಲ್ಲಿನ ರೆನೋಸ್ಟರ್‌ಬಾಸ್ ಎಂಬ ಪೊದೆ ದೂರದಿಂದ ಕಪ್ಪಾಗಿ ಕಾಣುತ್ತಿತ್ತು ಎಂದು ಬಂದ ಹೆಸರಿದು. ಗೋಧಿ ಆಗಸ್ಟ್‌ನಲ್ಲಿ ಹಸಿರು, ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಲು, ಆಮೇಲೆ ಬರೀ ಕೂಳೆ. ಮಾಮ್ಸ್‌ಬರಿ ದಾಟಿದ ಮೇಲೆ, ಆಕಾಶ ಶುಭ್ರವಿದ್ದರೆ, ಮುಂದಿನ ಗಾಜಿನಲ್ಲಿ ತಲೆ ಕತ್ತರಿಸಿದಂಥ ಬೆಟ್ಟ ಕಾಣುತ್ತದೆ. ಟೇಬಲ್ ಮೌಂಟನ್, 1,085 ಮೀಟರ್. ಬಲಗಡೆ ಕೂತವರು ಎಡಕ್ಕೆ, ಎಡಗಡೆಯವರು ಬಲಕ್ಕೆ ಓಡುತ್ತಾರೆ, ಡ್ರೈವರ್ ಬೈಯುತ್ತಾನೆ.

ಸಮಯವಿದ್ದರೆ ಟ್ರಕ್ಕು ಬ್ಲೌಬರ್ಗ್ ಕಡಲತೀರಕ್ಕೆ ತಿರುಗುತ್ತದೆ. ಟೇಬಲ್ ಕೊಲ್ಲಿಯ ಆಚೆಗೆ ಇಡೀ ಬೆಟ್ಟ, ಎಡಕ್ಕೆ ಡೆವಿಲ್ಸ್ ಪೀಕ್, ಬಲಕ್ಕೆ ಲಯನ್ಸ್ ಹೆಡ್. ಗುಂಪಿನ ಫೋಟೋಗೆ ಇದೇ ಜಾಗ, ಊರೊಳಗೆ ಹೋದ ಮೇಲೆ ಬೆಟ್ಟ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ. ಬೇಸಿಗೆಯ ಆಗ್ನೇಯ ಗಾಳಿಗೆ ಇಲ್ಲಿ ಟೋಪಿ ನಿಲ್ಲುವುದಿಲ್ಲ. ಬೆಟ್ಟದ ಮೇಲೆ ಬಿಳಿ ಮೋಡದ ಹಾಸು ಹರಡಿದ್ದರೆ ಅವತ್ತು ಕೇಬಲ್ ಕಾರ್ ನಿಂತಿರುವ ಸಂಭವ ಹೆಚ್ಚು. ಮುಂಚೆಯೇ ಟಿಕೆಟ್ ಕೊಂಡವರು ಹೋಗುವ ಮೊದಲು ಓಡುತ್ತಿದೆಯೇ ನೋಡಿಕೊಳ್ಳಿ.

ಎರಡು ಗಂಟೆ: ಇಳಿಸುವುದು

ಊರೊಳಗೆ ಟ್ರಕ್ಕಿಗೆ ನಿಲ್ಲಲು ಜಾಗವಿಲ್ಲ. ಹಾಸ್ಟೆಲಿನ ಮುಂದೆ ಹದಿನೈದು ನಿಮಿಷ ಸಿಕ್ಕರೆ ದೊಡ್ಡದು. ಒಬ್ಬೊಬ್ಬರೂ ತಮ್ಮ ಬ್ಯಾಗಿಗಾಗಿ ಹತ್ತಿ ಇಳಿದರೆ ಮುಗಿಯುವುದಿಲ್ಲ. ಇಬ್ಬರು ಒಳಗೆ, ಉಳಿದವರು ಸಾಲಾಗಿ ನಿಂತು ಕೈಯಿಂದ ಕೈಗೆ, ಬ್ಯಾಗು ಯಾರದೇ ಇರಲಿ. ಇಬ್ಬರು ಮಾತ್ರ ಯಾವ ಕೆಲಸವನ್ನೂ ಮಾಡದೆ ಕೆಳಗಿಟ್ಟ ರಾಶಿಯ ಪಕ್ಕ ಸುಮ್ಮನೆ ನಿಂತಿರಬೇಕು. ಕಳ್ಳತನವಾಗುವುದು ಅಪ್ಪಿಕೊಂಡು ವಿದಾಯ ಹೇಳುವ ಆ ಐದು ನಿಮಿಷದಲ್ಲೇ.

ವಾರಗಟ್ಟಲೆ ಟ್ರಕ್ಕಿನ ರಕ್ಷಣೆಯಲ್ಲಿ ಇದ್ದವರಿಗೆ ಊರಿನ ಎಚ್ಚರ ತಪ್ಪಿರುತ್ತದೆ. ನಗರದ ಮಧ್ಯಭಾಗದಲ್ಲಿ ಹೊಳೆಯುವ ಜಾಕೆಟ್ ತೊಟ್ಟವನೊಬ್ಬ ಬಂದು ಈ ಬೀದಿಯಲ್ಲಿ ನಡೆಯಲು ಪರವಾನಗಿ ಬೇಕು, ಎಟಿಎಂನಲ್ಲಿ ಕಾರ್ಡ್ ಹಾಕಿದರೆ ಚೀಟಿ ಬರುತ್ತದೆ ಎನ್ನುತ್ತಾನೆ. ಅಂಥ ಪರವಾನಗಿಯೇ ಇಲ್ಲ. ಅವನಿಗೆ ಬೇಕಾಗಿರುವುದು ಕಾರ್ಡು ಮತ್ತು ಪಿನ್. ಮಾತಿಗೆ ನಿಲ್ಲದೆ ಹತ್ತಿರದ ಅಂಗಡಿಯೊಳಗೆ ಹೋಗಿಬಿಡಿ. ನಗದು ಬೇಕಿದ್ದರೆ ಮಾಲ್‌ನೊಳಗಿನ ಎಟಿಎಂ ಬಳಸಿ.

ಸಂಜೆಯ ಊಟಕ್ಕೆ ಎಲ್ಲರೂ ಸೇರುವುದು ವಾಡಿಕೆ. ಲಕೋಟೆಗಳನ್ನು ಅಲ್ಲಿಯ ತನಕ ಇಟ್ಟುಕೊಳ್ಳಬೇಡಿ, ಟ್ರಕ್ಕಿನ ಪಕ್ಕದಲ್ಲೇ ಕೊಟ್ಟುಬಿಡಿ. ಡ್ರೈವರ್ ಟ್ರಕ್ಕನ್ನು ನೇರ ವರ್ಕ್‌ಶಾಪಿಗೆ ಒಯ್ಯುತ್ತಾನೆ, ಊಟಕ್ಕೆ ಬರುತ್ತಾನೆಂಬ ಖಾತ್ರಿ ಇಲ್ಲ.

ಮಾರನೇ ದಿನ: ವಿಮಾನ ನಿಲ್ದಾಣ

ಟಿಕೆಟ್ಟನ್ನು ಈ ದಿನದ ಮಧ್ಯಾಹ್ನದ ನಂತರಕ್ಕೆ ಮಾಡಿಸಿ. ಇನ್ನೊಂದು ದಿನ ಹೆಚ್ಚು ಇದ್ದರೆ ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪಕ್ಕೆ ಹೋಗಿಬರಬಹುದು. ಬಂದರಿನ ಕಡೆ ಓಡಾಡುವಾಗ ನೆನೆಯಬೇಕಾದ್ದೊಂದಿದೆ: 1914ರ ಜುಲೈ 18ರಂದು ಗಾಂಧೀಜಿ ದಕ್ಷಿಣ ಆಫ್ರಿಕಾವನ್ನು ಕೊನೆಯ ಸಲ ಬಿಟ್ಟು ಹಡಗು ಹತ್ತಿದ್ದು ಈ ಊರಿನಿಂದಲೇ.

ದಕ್ಷಿಣ ಆಫ್ರಿಕಾದಲ್ಲಿ ಕೊಂಡ ಸಾಮಾನಿನ ಒಟ್ಟು ಮೊತ್ತ 250 ರ‍್ಯಾಂಡ್ ದಾಟಿದ್ದರೆ 15 ಶೇಕಡಾ ವ್ಯಾಟ್ ಹಿಂದಕ್ಕೆ ಕೇಳಬಹುದು. ತೆರಿಗೆ ನಮೂದಾದ ರಸೀದಿ ಬೇಕು, ಸಾಮಾನನ್ನು ಕಣ್ಣಾರೆ ತೋರಿಸಬೇಕು. ಹಾಗಾಗಿ ಬ್ಯಾಗ್ ಚೆಕ್-ಇನ್ ಮಾಡುವ ಮೊದಲೇ ನಿಲ್ದಾಣದ ವ್ಯಾಟ್ ಕೌಂಟರಿಗೆ ಹೋಗಬೇಕು, ಬಹುತೇಕರು ತಪ್ಪುವುದು ಇಲ್ಲಿ. ನಮೀಬಿಯಾ, ಜಾಂಬಿಯಾಗಳಲ್ಲಿ ಕೊಂಡದ್ದಕ್ಕೆ ಇದು ಅನ್ವಯಿಸುವುದಿಲ್ಲ.

ಕೇಪ್ ಟೌನ್‌ನಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ಮೂಲಕ ಬರಬೇಕು. ಅಡಿಸ್ ಇರುವ ಇಥಿಯೋಪಿಯ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಆ ಪಟ್ಟಿಯ ದೇಶ ಬಿಟ್ಟ 6 ದಿನದೊಳಗೆ ಭಾರತಕ್ಕೆ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ 6 ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ವಿಮಾನ ಬದಲಿಸುವಾಗ ನಿಲ್ದಾಣದಿಂದ ಹೊರಗೆ ಕಾಲಿಡದವರಿಗೆ ವಿನಾಯಿತಿ ಉಂಟು, ಆದರೆ ಅದು ಆರೋಗ್ಯಾಧಿಕಾರಿ ಒಪ್ಪಿದರೆ. ಲಸಿಕೆ ಹಾಕಿಸಿದ 10 ದಿನದ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, 2016ರಿಂದ ಅದು ಜೀವನಪೂರ್ತಿಗೆ. ಪ್ರವಾಸದುದ್ದಕ್ಕೂ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದ ಆ ಹಳದಿ ಪುಸ್ತಕವನ್ನು ಇನ್ನು ಬೇಕಿಲ್ಲವೆಂದು ದೊಡ್ಡ ಬ್ಯಾಗಿನ ತಳಕ್ಕೆ ಹಾಕಿ ಬೀಗ ಜಡಿಯುವವರಿದ್ದಾರೆ. ಅದನ್ನು ಕೇಳುವ ಕೌಂಟರ್ ಬ್ಯಾಗು ಬರುವ ಬೆಲ್ಟಿಗಿಂತ ಮೊದಲು ಸಿಗುತ್ತದೆ.